ಮಂದಗಾಳಿಯಲ್ಲಿ ಹಾಯಿದೋಣಿಯ ಪಂದ್ಯ

ಜಗಳೂರು ಸೀಮೆಯ ರೈತರು ಸುಗ್ಗಿಯಲ್ಲಿ ಮೊರವನ್ನು ಹಿಡಿದು, ಗಾಳಿಗಾಗಿ ಕಣದಲ್ಲಿ ಕಾದು ನಿಲ್ಲುವದನ್ನು ನಾವೆಲ್ಲರೂ ಬಲ್ಲೆವು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯು ಇಂಥ ಕಣದ ಮಾತು. ಆದರೆ ಎಲೆ ಅಲ್ಲಾಡುವಷ್ಟು ಮಾತ್ರ ಗಾಳಿಯಿದ್ದರೆ ಮಾಡತಕ್ಕದ್ದೇನೆಂದು ಆ ಗಾದೆಯು ಹೇಳುವದಿಲ್ಲ. ಇದನ್ನು ಚೆನ್ನಾಗಿ ಕಲಿತವರು ಸಣ್ಣ ಹಾಯಿದೋಣಿಗಳಲ್ಲಿ ಪಂದ್ಯವಾಡುವವರೇ.

ಹೊನ್ನಾಳಿ ನ್ಯಾಮತಿಗಳ ಕಡೆಯ ವಾಚಕರು ತುಂಗಭದ್ರೆಯಲ್ಲಿ ತೆಪ್ಪವನ್ನು ಹುಟ್ಟಿನಿಂದ ನಡಿಸುವದನ್ನು ಕಂಡಿರಬಹುದು. ಹಾಯಿದೋಣಿಯ ಪಂದ್ಯದಲ್ಲಿ ಹುಟ್ಟು ಹಾಕಲು ಅಪ್ಪಣೆಯಿಲ್ಲ. ನಮ್ಮ ರಾಜ್ಯದಲ್ಲಿ ಇಂಥ ಪಂದ್ಯಗಳು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ನಡೆದಿವೆ. ಒಬ್ಬರೇ ಕೂತು ನಡಿಸುವ ದೋಣಿಯು ಸುಮಾರು 14 ಅಡಿ ಉದ್ದ. ಅದಕ್ಕೆ ಒಂದೇ ಹಾಯಿ. ನೀರಿನ ಮೇಲೆ ತೇಲಬಿಟ್ಟ ಗುರುತುಗಳನ್ನು ಸುತ್ತಿ ಬರಬೇಕು. ಗಾಳಿಗೆ ನೇರ ಎದುರಾಗಿ ಯಾವ ಹಾಯಿಯೂ ಹೋಗಲಾರದು. ಘಟ್ಟವನ್ನು ಹತ್ತುವ ಗಾಡಿಯ ಹಾಗೆ ಆಚೆಗೊಮ್ಮೆ ಈಚೆಗೊಮ್ಮೆ ತಿರುಗುತ್ತಾ ಏರಬೇಕು.

ಗಾಳಿಯು ಮಂದವಾದಾಗ ಹೊಸಬನು ಚಡಪಡಿಸುವನು. ಹಗ್ಗವನ್ನು ಬಿಗಿದೆಳೆಯುವನು, ಚುಕ್ಕಾಣಿಯನ್ನು ಅತ್ತಿತ್ತ ತಿರುವುವನು, ಎದ್ದು ಜಾಗ ಬದಲಿಸುವನು. ಇದರಿಂದ ದೋಣಿಯು ನಿಲ್ಲುವದೇ ಹೊರತು ಮುಂದೆ ಸಾಗದು. ಯಾಕಂದರೆ ತಿರುವಿದ ಚುಕ್ಕಾಣಿಯು ನೀರನ್ನು ತಡೆಯುವದು; ಕುಲುಕಿದ ಹಾಯಿಯು ಹಿಡಿದಿದ್ದ ಅಲ್ಪ ಗಾಳಿಯನ್ನೂ ಚೆಲ್ಲಿಬಿಡುವದು. ಪಳಗಿದವನಾದರೋ ಬೆಕ್ಕು ಹೊಂಚುಹಾಕಿದ ಹಾಗೆ ಕೂರುವನು. ತನ್ನ ಭಾರವನ್ನು ಸ್ವಲ್ಪ ಮುಂದಕ್ಕೆ ಹಾಕುವನು. ಆಗ ದೋಣಿಯ ಅಗಲವಾದ ಹಿಂಭಾಗವು ಮೇಲೆದ್ದು ನೀರಿನ ಉಜ್ಜಾಟವು ಕಡಿಮೆಯಾಗುವದು. ಗಾಳಿ ಹೋಗುವ ಮಗ್ಗುಲಿಗೆ ದೋಣಿಯನ್ನು ತುಸು ವಾಲಿಸುವನು. ಆಗ ಗಾಳಿ ತುಂಬದಿದ್ದರೂ ಹಾಯಿಯು ತನ್ನ ಭಾರದಿಂದಲೇ ಜೋತು ಹೊಟ್ಟೆ ಪಡೆಯುವದು. ನಿಂತ ದೋಣಿಯನ್ನು ಮತ್ತೆ ಹೊರಡಿಸುವದು ಬಹು ಕಷ್ಟ. ಆದದರಿಂದ ದಾರಿಯು ಸ್ವಲ್ಪ ಸುತ್ತಾದರೂ ಚಿಂತೆಯಿಲ್ಲವೆಂದು ಅವನು ದೋಣಿಯ ನಡೆಯನ್ನೇ ಕಾಪಾಡುವನು. ಪದೇ ಪದೇ ತಿರುಗಿಸನು.

ಹಾಯಿಯನ್ನು ಒದರಿ, ದೋಣಿಯನ್ನು ತೂಗಿ ಮುಂದೆ ಹೋಗಬಾರದೇ ಎಂದು ಒಬ್ಬನು ಕೇಳ್ಯಾನು. ಹೋಗಬಹುದು, ಆದರೆ ಅದು ನಿಯಮಕ್ಕೆ ವಿರೋಧ. ನಡುವರು ನೀರಿನ ಮೇಲೆಯೇ ಇದ್ದು ನೋಡುತ್ತಿರುವ ಪಂದ್ಯಗಳಲ್ಲಿ, ಮೊದಲನೆಯ ಸಾರಿ ಸಿಕ್ಕಿಬಿದ್ದವನು ತನ್ನ ದೋಣಿಯನ್ನು ಎರಡು ಸುತ್ತು ತಿರುಗಿಸಬೇಕು. ಎರಡನೆಯ ಸಾರಿಗೆ ಆ ಓಟವನ್ನೇ ಬಿಡಬೇಕು. ಮಂದಗಾಳಿಯಲ್ಲಿ ಈ ಶೋಧನೆಯು ಎಲ್ಲರಿಗೂ ಬರುವದು.

ಇನ್ನು ನೀರನ್ನು ಓದುವ ವಿದ್ಯೆ. ಚನ್ನಗಿರಿಯವರು ಒಂದು ಮಧ್ಯಾಹ್ನ ಸೂಳೆಕೆರೆಯ ಏರಿಯ ಮೇಲೆ ನಿಂತು ನೋಡಲಿ. ಒಂದು ಕಡೆ ನೀರು ಕನ್ನಡಿಯ ಹಾಗಿದ್ದರೆ ಇನ್ನೊಂದು ಕಡೆ ಸುಕ್ಕುಗಟ್ಟಿ ಕಪ್ಪಾಗಿರುವದು. ಆ ಕಪ್ಪೇ ಗಾಳಿಯ ಹೆಜ್ಜೆ. ಗಾಳಿಯು ಕೆರೆಯಲ್ಲೆಲ್ಲಾ ಸಮನಾಗಿ ಬೀಸುವದಿಲ್ಲ. ಗುಡ್ಡದ ಮರೆಯಲ್ಲಿ ಸತ್ತು, ಗುಡ್ಡಗಳ ಸಂದಿನಲ್ಲಿ ಹುಟ್ಟುವದು. ಮುಂದಿನ ದೋಣಿಯ ಬೆನ್ನು ಹಿಡಿದವನಿಗೆ ಅದರ ಹಾಯಿ ಕೆಡಿಸಿದ ಗಾಳಿಯೇ ದೊರೆಯುವದರಿಂದ, ಗುಂಪನ್ನು ಬಿಟ್ಟು ಒಂಟಿಯಾಗಿ ಹೋಗುವ ಧೈರ್ಯವೂ ಬೇಕು.

ಇಂಥ ಕಲಿಕೆಗೆ ಸಮುದ್ರವೇ ಬೇಕೆಂದಿಲ್ಲ. ಮಧ್ಯಪ್ರದೇಶದ ದೇವಾಸ ಜಿಲ್ಲೆಯ ರೈತನೊಬ್ಬನ ಮಗಳಾದ ನೇಹಾ ಠಾಕೂರ ಎಂಬಾಕೆಯು ಭೋಪಾಲದ ದೊಡ್ಡ ಕೆರೆಯಲ್ಲಿ ಅಭ್ಯಾಸ ಮಾಡಿದಳು. ಅದೂ ಏರಿ ಹಾಕಿ ಕಟ್ಟಿದ ಕೆರೆಯೇ. ಆಕೆಯು 2023ರ ಸೆಪ್ಟೆಂಬರದಲ್ಲಿ, ಚೀನಾ ದೇಶದಲ್ಲಿ ನಡೆದ ಏಷ್ಯಾ ಕ್ರೀಡೆಗಳಲ್ಲಿ, ತನ್ನ 17ನೇ ವಯಸ್ಸಿನಲ್ಲಿ ಬೆಳ್ಳಿಯ ಪದಕವನ್ನು ಪಡೆದಳು. ಅಲ್ಲಿ 11 ಓಟಗಳು ನಡೆದವು. ಮೊದಲು ಬಂದವರಿಗೆ 1 ಅಂಕ, ಎರಡನೆಯವರಿಗೆ 2, ಹೀಗೆ ಲೆಕ್ಕ. ಅತ್ಯಂತ ಕೆಟ್ಟ ಓಟವೊಂದನ್ನು ಬಿಟ್ಟು, ಉಳಿದವುಗಳ ಮೊತ್ತ ಯಾರದು ಕಡಿಮೆಯೋ ಅವರೇ ಗೆದ್ದವರು. ಆದಕಾರಣ ಒಂದು ದಿನ ಒಳ್ಳೆಯ ಗಾಳಿ ಸಿಕ್ಕಿ ಮುಂದೆ ಬಂದವನಿಗೆ ಅಷ್ಟರಿಂದಲೇ ಪದಕವಿಲ್ಲ.

ಗಾಳಿಯು ಪೂರ್ತಿಯಾಗಿ ಬಿದ್ದುಹೋದರೆ ಓಟವನ್ನೇ ನಿಲ್ಲಿಸುವರು. 2024ರ ಆಗಸ್ಟಿನಲ್ಲಿ ಫ್ರಾನ್ಸ್ ದೇಶದ ಮಾರ್ಸೇಲ್ ಪಟ್ಟಣದ ಬಳಿ ಒಲಿಂಪಿಕ್ ಪಂದ್ಯದ ಪದಕದ ಓಟಗಳಲ್ಲಿ ಕೆಲವು ಹೀಗೆ ಮರುದಿನಕ್ಕೆ ಹೋದವು. ನಿಲ್ಲಿಸಿದ ಓಟದಲ್ಲಿ ಮುಂದಿದ್ದವನಿಗೆ ಅಂಕವಿಲ್ಲ. ಹಾಯಿಯನ್ನು ಸುತ್ತಿಟ್ಟು, ಮಾರನೆಯ ದಿನ ಎಲ್ಲರೊಂದಿಗೆ ಅದೇ ಗೆರೆಯಿಂದ ಹೊರಡತಕ್ಕದ್ದು.