ಹೋಗಬೇಕೋ, ಇರಬೇಕೋ?
ಊರು ಬಿಡುವ ವಿಷಯವಾಗಿ ಒಂದು ವೇದಪಾಠ

ಓದತಕ್ಕ ವೇದಭಾಗಗಳು: ಆದಿಕಾಂಡ 12:1–13:13, 26:1–12, 46:1–7. ರೂತಳು 1. ಲೂಕ 14:28–30. ಅಪೊಸ್ತಲರ ಕೃತ್ಯಗಳು 18:1–3, 18–26.



ಹಿಂಗಾರಿಯ ಜೋಳದ ರಾಶಿ ಮುಗಿದು ಹೊಲಗಳು ಬರಿದಾದ ಮೇಲೆ ನಮ್ಮ ಸಭೆಗಳಲ್ಲಿ ಆದಿತ್ಯವಾರದ ಆರಾಧನೆಗೆ ಕೂಡುವವರು ಕಡಿಮೆಯಾಗುತ್ತಾರೆ. ರಾಯಚೂರು, ಯಾದಗಿರಿ, ಕಲಬುರಗಿ, ವಿಜಯಪುರ, ಬಾಗಲಕೋಟೆ ಸೀಮೆಗಳ ಹಳ್ಳಿಗಳಿಂದ ಜನರು ಗುಳೆ ಹೊರಟು ಬೆಂಗಳೂರು, ಗೋವೆ, ಪುಣೆ, ಮುಂಬಯಿಗಳನ್ನು ಸೇರುವದು ಬಹು ಕಾಲದಿಂದ ನಡೆದು ಬಂದದ್ದೇ. ಕೆಲವರು ಮಳೆಗಾಲಕ್ಕೆ ತಿರಿಗಿ ಬರುತ್ತಾರೆ. ಕೆಲವರು ಗಡಿಯ ಆಚೆಯೇ ಮನೆಮಾಡಿ ನಿಲ್ಲುತ್ತಾರೆ. ಹೋಗುವದು ಪಾಪವೋ? ಇರುವದು ಸೋಮಾರಿತನವೋ? ಈ ಪ್ರಶ್ನೆಯನ್ನು ಹಿಡಿದುಕೊಂಡು ಅನೇಕರು ಉಪದೇಶಿಯವರ ಬಳಿಗೆ ಬರುವದರಿಂದ, ಈ ತಿಂಗಳಿನ ಪಾಠದಲ್ಲಿ ಇದನ್ನು ವೇದದ ಬೆಳಕಿನಲ್ಲಿ ವಿಚಾರಿಸೋಣ.

1. ಒಂದೇ ಐಗುಪ್ತ, ಮೂರು ಮಾರ್ಗಗಳು

ಆದಿಕಾಂಡದಲ್ಲಿ ಬರಗಾಲವು ಮೂರು ತಲೆಮಾರುಗಳ ಬಾಗಿಲನ್ನು ತಟ್ಟುತ್ತದೆ. ಮೂರು ಸಲವೂ ಐಗುಪ್ತದ ಮಾತು ಬರುತ್ತದೆ. ದೇವರ ಕರೆಗೆ ಓಗೊಟ್ಟು ಎಪ್ಪತ್ತೈದನೆಯ ವಯಸ್ಸಿನಲ್ಲಿ ಖಾರಾನನ್ನು ಬಿಟ್ಟು ಬಂದ ಅಬ್ರಾಮನು ಕ್ಷಾಮವನ್ನು ಕಂಡು ಐಗುಪ್ತಕ್ಕೆ ಇಳಿದುಹೋದನು. ಅವನು ಅದಕ್ಕೆ ಮುಂಚೆ ದೇವರನ್ನು ಕೇಳಿಕೊಂಡನೆಂದು ಬರೆದಿಲ್ಲ. ಅಲ್ಲಿ ಯಜ್ಞವೇದಿಯನ್ನು ಕಟ್ಟಿದನೆಂದೂ ಬರೆದಿಲ್ಲ. ಪ್ರಾಣಭಯದಿಂದ ಹೆಂಡತಿಯನ್ನು ತಂಗಿಯೆಂದು ಹೇಳಿದನೆಂದು ಮಾತ್ರ ಬರೆದದೆ. ಇಸಾಕನ ಕಾಲದಲ್ಲಿ ಬರ ಬಂದಾಗ ಐಗುಪ್ತಕ್ಕೆ ಹೋಗಕೂಡದೆಂದು ಕರ್ತನು ತಡೆದನು; ಅವನು ಗೆರಾರಿನಲ್ಲೇ ಬಿತ್ತಿ ಆ ವರುಷವೇ ನೂರರಷ್ಟು ಬೆಳೆದುಕೊಂಡನು. ಯಾಕೋಬನಾದರೋ ಮುಪ್ಪಿನಲ್ಲಿ ಹೊರಟಾಗ ಬೇರ್ಷೆಬದಲ್ಲಿ ನಿಂತು ಯಜ್ಞವನ್ನರ್ಪಿಸಿದನು. ಅಲ್ಲಿಗೆ ಹೋಗುವದಕ್ಕೆ ಅಂಜಬೇಡವೆಂಬ ಅಪ್ಪಣೆ ಅವನಿಗೆ ದೊರೆಯಿತು.

ಐಗುಪ್ತವು ಬದಲಾಗಲಿಲ್ಲ, ಬರಗಾಲವೂ ಒಂದೇ ವಿಧವಾದದ್ದು. ಆದರೂ ಒಬ್ಬನಿಗೆ ಹೋದದ್ದು ಶೋಧನೆಯಾಯಿತು, ಒಬ್ಬನಿಗೆ ಇದ್ದದ್ದು ಆಶೀರ್ವಾದವಾಯಿತು, ಒಬ್ಬನಿಗೆ ಹೋದದ್ದೇ ಆಶೀರ್ವಾದವಾಯಿತು. ಆದಕಾರಣ ನೆರೆಮನೆಯವನು ಹೋದನೆಂದು ನಾವೂ ಹೋಗುವದು ಸರಿಯಲ್ಲ. ಹೋದವನನ್ನು ಲೋಕದಾಶೆಯವನೆಂದು ಜರೆಯುವದೂ ಸರಿಯಲ್ಲ. ಹೊರಡುವದಕ್ಕೆ ಮುಂಚೆ ಪ್ರತಿಯೊಂದು ಕುಟುಂಬಕ್ಕೂ ಒಂದು ಬೇರ್ಷೆಬ ಇರತಕ್ಕದ್ದು.

2. ಕಣ್ಣೆತ್ತಿ ನೋಡಿದ್ದೇನು?

ಲೋಟನು ಕಣ್ಣೆತ್ತಿ ನೋಡಿದಾಗ ಯೊರ್ದನಿನ ಬಯಲಿನ ನೀರು ಅವನಿಗೆ ಕಂಡಿತು; ಸೊದೋಮಿನ ನೆರೆಹೊರೆ ಕಾಣಲಿಲ್ಲ. ಮೊದಲು ಗುಡಾರವನ್ನು ಊರಿನ ಕಡೆಗೆ ಹಾಕಿದನು. ಆಮೇಲೆ ಊರೊಳಗೆ ಮನೆ ಮಾಡಿದನು. ಕಡೆಗೆ ಹೆಂಡತಿಯನ್ನೂ ಮನೆಯನ್ನೂ ಕಳಕೊಂಡು ಗವಿಯಲ್ಲಿ ವಾಸಿಸಿದನು. ನೀರನ್ನು ನೋಡಿದ್ದು ತಪ್ಪಲ್ಲ, ದನಕರುಗಳುಳ್ಳವನು ನೀರನ್ನು ನೋಡಲೇ ಬೇಕು. ನೀರನ್ನು ಮಾತ್ರ ನೋಡಿದ್ದೇ ಕೇಡಾಯಿತು. ನಮ್ಮಲ್ಲಿಯೂ ಕೂಲಿ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಅಲ್ಲಿ ಆರಾಧನೆ ಎಲ್ಲಿ, ನೆರೆಯಲ್ಲಿ ಸೆರೆ ಅಂಗಡಿ ಉಂಟೋ, ಹೆಣ್ಣುಮಕ್ಕಳು ಮಲಗುವದೆಲ್ಲಿ ಎಂದು ಕೇಳುವವರು ಕೆಲವರೇ.

ಎಲೀಮೆಲೆಕನ ಸಂಗತಿಯನ್ನೂ ನೋಡಿರಿ. ಕೆಲವು ಕಾಲ ಇದ್ದು ಬರೋಣವೆಂದು ಮೋವಾಬಿಗೆ ಹೋದ ಕುಟುಂಬವು ಹತ್ತು ವರುಷ ಅಲ್ಲೇ ನಿಂತಿತು. ತಂದೆಯೂ ಇಬ್ಬರು ಮಕ್ಕಳೂ ಅಲ್ಲೇ ಮಣ್ಣಾದರು. ಅವನು ಪಾಪಮಾಡಿದನೆಂದು ವೇದವು ಹೇಳುವದಿಲ್ಲ, ನಾವೂ ಹೇಳಬಾರದು. ಆದರೆ ತಿರಿಗಿ ಬರುವ ದಿನವನ್ನು ಗೊತ್ತುಮಾಡದೆ ಹೋದವನಿಗೆ ಕೆಲವು ಕಾಲವೆಂಬದು ಆಯುಷ್ಯವೇ ಆಗಬಹುದೆಂದು ಇದರಿಂದ ಕಲಿಯುತ್ತೇವೆ. ಬರಿಗೈಯಿಂದ ಬಂದ ನೊವೊಮಿಗೆ ಬೇತ್ಲೆಹೇಮಿನಲ್ಲಿ ಹೊಲವನ್ನು ಬಿಡಿಸಿಕೊಡುವ ಬಂಧುವು ಇದ್ದದರಿಂದಲೇ ಆ ಮನೆ ತಿರಿಗಿ ನಿಂತಿತು. ಊರಿನಲ್ಲಿ ಹೊಲವನ್ನೂ ಬಂಧುತ್ವವನ್ನೂ ಕಳಕೊಳ್ಳದೆ ಹೋಗುವವನು ಬುದ್ಧಿವಂತನು.

3. ನಮ್ಮ ಸಭೆಗಳ ಪೂರ್ವಿಕರು

ಊರು ಬಿಡುವದು ನಮ್ಮ ಪೂರ್ವಿಕರಿಗೆ ಹೊಸದಲ್ಲ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದ ಮೇಲೆ, ದೀಕ್ಷಾಸ್ನಾನ ಹೊಂದಿದ ಅನೇಕರಿಗೆ ಮನೆಯೂ ಕಸಬೂ ನೆಂಟರೂ ಒಟ್ಟಿಗೇ ತಪ್ಪಿದವು. ಅವರಿಗೆ ಅನ್ನದ ಮಾರ್ಗವಾಗಲೆಂದು ನೆಯ್ಗೆಯ ಶಾಲೆಗಳು ಎದ್ದವು; 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಹುಟ್ಟಿಸಿದರು; ಮುಂದೆ ಮಲ್ಪೆಯಲ್ಲಿಯೂ ಮಲೆಯಾಳ ಸೀಮೆಯಲ್ಲಿಯೂ ಅಂಥವು ಆದವು. ಊರು ಬಿಟ್ಟವರು ಅಲ್ಲಿ ಕೆಲಸವನ್ನೂ ಸಭೆಯನ್ನೂ ಕೂಡಿಯೇ ಕಂಡರು. ಆದರೆ 1914ರಿಂದ 1918ರ ವರೆಗೆ ನಡೆದ ಮಹಾಯುದ್ಧದ ದೆಸೆಯಿಂದ ಆ ಕಾರ್ಖಾನೆಗಳು ಮಿಷನ್ನಿನ ಕೈಬಿಟ್ಟು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಕಾರ್ಖಾನೆಗಳು ಒಡೆಯರನ್ನು ಬದಲಾಯಿಸಿದವು, ಸಭೆಗಳು ಉಳಿದವು. ಹೋದ ಊರಿನಲ್ಲಿ ಕೂಲಿಯೇ ನಮ್ಮ ಆಧಾರವಾಗಬಾರದೆಂಬದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೇ?

4. ಕೂತುಕೊಂಡು ಲೆಕ್ಕಮಾಡಿರಿ

ಗೋಪುರವನ್ನು ಕಟ್ಟುವವನು ಮೊದಲು ಕೂತುಕೊಂಡು ಖರ್ಚನ್ನು ಎಣಿಸಬೇಕೆಂದು ನಮ್ಮ ಕರ್ತನು ಶಿಷ್ಯತ್ವದ ವಿಷಯವಾಗಿ ಕಲಿಸಿದನು. ಮನೆವಾರ್ತೆಯಲ್ಲಿಯೂ ಅದೇ ಬುದ್ಧಿ ಬೇಕು. ತೋರಿಸುವದಕ್ಕೋಸ್ಕರ ಒಂದು ಲೆಕ್ಕವನ್ನು ಹೇಳುತ್ತೇವೆ. ನೀವು ನಿಮ್ಮ ಸ್ವಂತ ಅಂಕೆಗಳನ್ನು ಹಾಕಿಕೊಳ್ಳಿರಿ.

ಪಟ್ಟಣದಲ್ಲಿ ದಿನಕ್ಕೆ 700 ರೂಪಾಯಿ, ತಿಂಗಳಿಗೆ 20 ದಿನ ಕೆಲಸವೆಂದರೆ 14,000 ರೂಪಾಯಿ. ಹಳ್ಳಿಯಲ್ಲಿ ದಿನಕ್ಕೆ 350ರಂತೆ 12 ದಿನಕ್ಕೆ 4,200. ಲಾಭ 9,800 ಎಂದು ಮನಸ್ಸು ಹಿಗ್ಗುತ್ತದೆ. ಆದರೆ ಪಟ್ಟಣದಲ್ಲಿ ಕೋಣೆಯ ಬಾಡಿಗೆ 4,000, ಕಾಳುಕಡಿ ಸೌದೆ ಗ್ಯಾಸಿಗೆ 6,000, ಬಸ್ಸಿಗೂ ಫೋನಿಗೂ 1,000, ಊರಿಗೆ ಹೋಗಿ ಬರುವದಕ್ಕೆ ತಿಂಗಳಿಗೆ 1,000 ಎಂದು ತೆಗೆದರೆ ಉಳಿಯುವದು 2,000. ಹಳ್ಳಿಯಲ್ಲಿ ಸ್ವಂತ ಮನೆ, ಮನೆಯ ಜೋಳ. 3,000 ಖರ್ಚಾದರೆ ಉಳಿಯುವದು 1,200. ನಿಜವಾದ ಅಂತರ 800 ರೂಪಾಯಿ ಮಾತ್ರ! ಅಷ್ಟಕ್ಕಾಗಿ ಮಕ್ಕಳ ಶಾಲೆಯನ್ನೂ ಮುದುಕಿ ತಾಯಿಯನ್ನೂ ಬಿಡಬೇಕೇ ಎಂದು ಆಗ ಕೇಳಿಕೊಳ್ಳಬಹುದು.

ಗಂಡಹೆಂಡರಿಬ್ಬರೂ ದುಡಿದರೆ ಅದೇ ಖರ್ಚಿನಲ್ಲಿ 16,000 ಉಳಿಯಬಹುದೆಂಬದೂ ನಿಜವೇ. ಸಾಲದಲ್ಲಿ ಮುಳುಗಿದ ಮನೆಗೆ ಅದು ದೇವರು ತೆರೆದ ಬಾಗಿಲಾಗಬಹುದು. ಹಾಗಾದರೆ ಹಗಲೆಲ್ಲಾ ಕೂಸನ್ನು ನೋಡುವವರು ಯಾರೆಂಬದನ್ನೂ ಲೆಕ್ಕದೊಳಗೆ ಸೇರಿಸಿರಿ.

5. ಮುಂಗಡದ ಉರುಲು

ಕಬ್ಬು ಕಡಿಯುವದಕ್ಕೂ ಇಟ್ಟಿಗೆಯ ಭಟ್ಟಿಗೂ ಕರಕೊಂಡು ಹೋಗುವ ಗುತ್ತಿಗೆದಾರರು ಮೊದಲೇ ಮುಂಗಡ ಹಣವನ್ನು ಕೊಡುವರು. ಕೈಗೆ ಬಂದ ಹಣವು ಮದುವೆಗೋ ಔಷಧಕ್ಕೋ ತೀರಿಹೋಗುತ್ತದೆ. ಆಮೇಲೆ ಲೆಕ್ಕವು ಗುತ್ತಿಗೆದಾರನ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಸಾಲ ತೀರುವ ವರೆಗೆ ಸ್ಥಳವನ್ನು ಬಿಡಕೂಡದೆಂದು ಹಿಡಿದಿಡುವದು ಜೀತವೇ. 1976ರ ಜೀತ ಪದ್ಧತಿ ರದ್ದತಿ ಕಾಯಿದೆಯು ಅದನ್ನು ಅಪರಾಧವೆಂದು ನಿಲ್ಲಿಸಿ, ಅಂಥ ಜೀತದ ಸಾಲವನ್ನೇ ಅಳಿಸಿಬಿಟ್ಟಿದೆ. ಹೀಗೆ ಸಿಕ್ಕಿಕೊಂಡವರ ಸುದ್ದಿ ತಿಳಿದರೆ ಸಭೆಯವರು ಸುಮ್ಮನಿರದೆ ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗಳಿಗೂ ಬರೆದು ತಿಳಿಸಬೇಕು. ಕ್ರಯಕ್ಕೆ ಕೊಳ್ಳಲ್ಪಟ್ಟು ಕ್ರಿಸ್ತನವರಾದ ನಾವು ಮನುಷ್ಯರಿಗೆ ದಾಸರಾಗಬಾರದೆಂಬದು ಅಪೊಸ್ತಲನ ಬೋಧನೆ (1 ಕೊರಿಂಥ 7:23). ಮುಂಗಡವನ್ನು ಹಿಡಿಯುವ ಮೊದಲು ಓದುಬರಹ ಬಲ್ಲ ಸಭೆಯ ಹಿರಿಯರೊಬ್ಬರಿಗೆ ಕಾಗದವನ್ನು ತೋರಿಸಿರಿ.

6. ಗಡಿ ದಾಟುವದೂ ದಾಟದಿರುವದೂ

ಒಂದೇ ರಾಜ್ಯದೊಳಗೆ ಊರು ಬದಲಾಯಿಸುವದು ಬೇರೆ, ರಾಜ್ಯವನ್ನೇ ಬಿಡುವದು ಬೇರೆ. 2020ನೇ ಮಾರ್ಚಿ 25ರಿಂದ ದೇಶವೆಲ್ಲಾ ಮುಚ್ಚಿದಾಗ ಪರಸ್ಥಳಗಳಲ್ಲಿ ಸಿಕ್ಕಿದ ಕೂಲಿಯವರು ಅನ್ನವಿಲ್ಲದೆ ನೂರಾರು ಮೈಲಿ ನಡೆದದ್ದನ್ನು ಮರೆಯಬಾರದು. ಈಗ 2013ರ ಆಹಾರ ಭದ್ರತೆಯ ಕಾಯಿದೆಯ ಪಡಿತರವನ್ನು ಬೇರೆ ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲಿಯೂ ಬೆರಳೊತ್ತಿ ಪಡೆಯಬಹುದು. ಊರಲ್ಲಿ ಉಳಿದವರು ತಮ್ಮ ಪಾಲನ್ನು ಅಲ್ಲೇ ಪಡೆಯಬಹುದು. ಆದರೆ ನಮ್ಮ ರಾಜ್ಯವು ತನ್ನ ಬೊಕ್ಕಸದಿಂದ ಹೆಚ್ಚಾಗಿ ಕೊಡುವದು ಗಡಿಯ ಆಚೆ ದೊರೆಯದು. ಹಿಂದುಳಿದ ವರ್ಗಗಳ ಪಟ್ಟಿಯನ್ನು ಆಯಾ ರಾಜ್ಯವು ಮಾಡಿಕೊಂಡಿರುವದರಿಂದ, ಇಲ್ಲಿಯ ಪ್ರಮಾಣಪತ್ರಕ್ಕೆ ಅಲ್ಲಿಯ ರಾಜ್ಯದ ಮೀಸಲಿನಲ್ಲಿ ಬೆಲೆ ಇಲ್ಲ.

ಮಕ್ಕಳ ವಿಷಯವು ಇನ್ನೂ ಮುಖ್ಯವಾದದ್ದು. ಕರ್ನಾಟಕದ ವೃತ್ತಿಶಿಕ್ಷಣದ ಸರಕಾರೀ ಸ್ಥಾನಗಳಿಗೆ ಅರ್ಹರಾಗುವ ಮುಖ್ಯ ಮಾರ್ಗವೆಂದರೆ, ಒಂದನೆಯ ತರಗತಿಯಿಂದ ಎರಡನೆಯ ಪಿ.ಯು.ಸಿ.ಯ ವರೆಗೆ ಕಡಿಮೆಯೆಂದರೂ 7 ವರುಷ ಈ ರಾಜ್ಯದಲ್ಲಿ ಓದಿರುವದು. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರಿಗೆ ಸಂವಿಧಾನದ 371ಜೆ ವಿಧಿಯಿಂದ ವಿಶೇಷ ಮೀಸಲು ಉಂಟು. ಅದನ್ನು ಹೊಂದುವದಕ್ಕೆ ಹುಟ್ಟಿನ ಇಲ್ಲವೆ ವಾಸದ ದಾಖಲೆಗಳು ಬೇಕು. ಆದದರಿಂದ ಹೊರಡುವವರು ಜನನಪತ್ರ, ಶಾಲೆಯ ಪತ್ರ, ಹೊಲದ ಪಹಣಿ ಇವುಗಳ ಪ್ರತಿಗಳನ್ನು ಭದ್ರಮಾಡಿ ಹೋಗಲಿ. ಮಗುವನ್ನು ವರುಷದ ನಡುವೆ ಶಾಲೆಯಿಂದ ಕಿತ್ತು ಒಯ್ಯಬೇಡಿರಿ. ಮೊದಲ ವರುಷದಲ್ಲಿ ಮನೆಹೊಲಗಳನ್ನು ಮಾರಲೇಬೇಡಿರಿ.

7. ಹೋಗುವವರಿಗೆ ಮಾದರಿ

ಅಕ್ವಿಲನೂ ಪ್ರಿಸ್ಕಿಲ್ಲಳೂ ಗುಡಾರ ಹೊಲಿಯುವವರು. ಕ್ಲೌದ್ಯ ಚಕ್ರವರ್ತಿಯ ಆಜ್ಞೆಯಿಂದ ರೋಮಾಪುರವನ್ನು ಬಿಟ್ಟು ಕೊರಿಂಥಕ್ಕೆ ಬಂದರು, ಅಲ್ಲಿಂದ ಎಫೆಸಕ್ಕೆ, ಮುಂದೆ ತಿರಿಗಿ ರೋಮಾಪುರಕ್ಕೆ. ಕೊರಿಂಥದಲ್ಲಿ ಪೌಲನಿಗೆ ಮನೆಯಲ್ಲಿ ಸ್ಥಳ ಕೊಟ್ಟರು, ಎಫೆಸದಲ್ಲಿಯೂ ರೋಮಾಪುರದಲ್ಲಿಯೂ ಅವರ ಮನೆಯಲ್ಲಿ ಸಭೆ ಕೂಡುತ್ತಿತ್ತು (1 ಕೊರಿಂಥ 16:19, ರೋಮಾ 16:3–5). ಸೂಜಿದಾರಗಳೊಂದಿಗೆ ಅವರು ಸಭೆಯನ್ನೂ ಹೊತ್ತುಕೊಂಡು ಹೋದರೆಂದು ಹೇಳಬಹುದು. ನೀವೂ ಹೋದ ಮೊದಲನೆಯ ವಾರದಲ್ಲೇ ಆರಾಧನೆಯ ಸ್ಥಳವನ್ನು ಹುಡುಕಿರಿ. ಕನ್ನಡದ ಆರಾಧನೆ ಸಿಕ್ಕದಿದ್ದರೆ ಎರಡು ಮೂರು ಮನೆಯವರು ಒಂದು ಕೋಣೆಯಲ್ಲಿ ಕೂಡಿ ವೇದವನ್ನು ಓದಿರಿ.

ಕೆಂಖ್ರೆಯ ಸಭೆಯ ಸೇವಕಳಾದ ಫೊಯಿಬೆಯು ರೋಮಾಪುರಕ್ಕೆ ಹೋದಾಗ ಪೌಲನು ಅವಳ ವಿಷಯದಲ್ಲಿ ಅಲ್ಲಿಯ ಸಭೆಗೆ ಬರೆದನು (ರೋಮಾ 16:1–2). ನಮ್ಮ ಸಭೆಗಳಲ್ಲಿ ಕೊಡುವ ವರ್ಗಾವಣೆಯ ಪತ್ರಕ್ಕೆ ಇದೇ ಬೇರು. ನಾಚಿಕೆಪಡದೆ ಅಯ್ಯನವರಿಂದ ಅದನ್ನು ಕೇಳಿ ತಕ್ಕೊಂಡು ಹೋಗಿರಿ.

8. ಉಳಿಯುವವರ ಕರ್ತವ್ಯ

ಹೋದವರ ಮುದುಕ ತಂದೆತಾಯಿಗಳು, ಅಜ್ಜಿಯ ಬಳಿಯಲ್ಲಿ ಬಿಟ್ಟ ಮಕ್ಕಳು, ಬೀಗ ಹಾಕಿದ ಮನೆ, ಇವು ಸಭೆಯ ಪಾಲಿಗೆ ಒಪ್ಪಿಸಲ್ಪಟ್ಟವು. ಹಿರಿಯರು ತಿಂಗಳಿಗೊಮ್ಮೆ ಅಂಥ ಮನೆಗಳನ್ನು ದರ್ಶಿಸಲಿ. ಹೋದವರ ಹೆಸರುಗಳನ್ನು ಪ್ರಾರ್ಥನೆಯಲ್ಲಿ ಓದಲಿ. ಸೋತು ತಿರಿಗಿ ಬಂದವನನ್ನು ಯಾರೂ ಹಾಸ್ಯಮಾಡದಿರಲಿ. ನೊವೊಮಿಯು ಊರಬಾಗಿಲಿಗೆ ಬಂದಾಗ ಊರೆಲ್ಲಾ ಗುರುತಿಸಿತು; ಆಕೆಯ ಜೊತೆಯಲ್ಲಿ ಬಂದ ಪರದೇಶದ ಸೊಸೆಯಿಂದಲೇ ದಾವೀದನ ವಂಶವೂ ಲೋಕದ ರಕ್ಷಕನೂ ಬಂದರು.

ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

1. ಅಬ್ರಾಮ, ಇಸಾಕ, ಯಾಕೋಬರ ಮೂರು ಸಂಗತಿಗಳಲ್ಲಿ ವ್ಯತ್ಯಾಸವೇನು?
2. ಲೋಟನು ನೋಡದೆ ಬಿಟ್ಟದ್ದೇನು? ಹೊರಡುವ ಮೊದಲು ನಾವು ಏನೇನು ಕೇಳಬೇಕು?
3. ನಿಮ್ಮ ಮನೆಯ ಲೆಕ್ಕದಲ್ಲಿ ಖರ್ಚೆಲ್ಲಾ ಕಳೆದ ಮೇಲೆ ಉಳಿಯುವ ಅಂತರವೆಷ್ಟು?
4. ನಮ್ಮ ಸಭೆಯಿಂದ ಈ ವರುಷ ಹೋದವರು ಯಾರು? ಅವರ ಮನೆಯವರಿಗೆ ಈ ತಿಂಗಳು ಏನು ಮಾಡುವೆವು?

ಪ್ರಾರ್ಥನೆ: ಪರಲೋಕದ ತಂದೆಯೇ, ಹೊರಡುವವರಿಗೆ ನೀನೇ ದಾರಿ ತೋರಿಸು, ಉಳಿಯುವವರಿಗೆ ನೀನೇ ಮಳೆಬೆಳೆಗಳನ್ನು ಕೊಡು. ಯಾವ ಸೀಮೆಯಲ್ಲಿದ್ದರೂ ನಮ್ಮ ಮನೆಗಳಲ್ಲಿ ನಿನ್ನ ಆರಾಧನೆ ನಿಲ್ಲದಿರಲಿ. ಕ್ರಿಸ್ತ ಯೇಸುವಿನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.