ಒಂದು ಖಾತೆ, ಮೂರು ಚೆಕ್ಕು

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಮನೆ ಕಾಪುವಿನಲ್ಲಿ, ಕೆಲಸ ಮಣಿಪಾಲದ ಬ್ಯಾಂಕೊಂದರಲ್ಲಿ. ಎರಡು ವರ್ಷದಿಂದ ಓಡುತ್ತಿದ್ದೇನೆ. ವಾರದಲ್ಲಿ ನಾಲ್ಕು ದಿನ ಬೆಳಿಗ್ಗೆ ದೀಪಸ್ತಂಭದ ಬಳಿಯಿಂದ ಉತ್ತರಕ್ಕೆ, ಕೈಪುಂಜಾಲ್ ಕಡೆಗೆ ಮರಳಿನ ಮೇಲೆ ಓಡಿ, ರಸ್ತೆಯಲ್ಲಿ ವಾಪಸ್ ಬರುತ್ತೇನೆ. ಭಾನುವಾರ ಶಿರ್ವ, ಬೆಳ್ಮಣ್, ನಿಟ್ಟೆ ದಾರಿಯಲ್ಲಿ ಸೈಕಲ್ ತುಳಿದು ಕಾರ್ಕಳದ ಅಮ್ಮನ ಮನೆಗೆ ಹೋಗಿ, ಊಟ ಮುಗಿಸಿ ಅಂದೇ ಹಿಂದಿರುಗುತ್ತೇನೆ. ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದೆ ಡಂಬೆಲ್ ತಂದೆ. ಮಳೆ ನಿಂತ ಮೇಲೂ ಬಿಡಲು ಮನಸ್ಸಾಗಲಿಲ್ಲ. ನಾಲ್ಕು ಸಂಜೆ ಮೊಬೈಲ್ ನೋಡಿಕೊಂಡು ನಲವತ್ತು ನಿಮಿಷ ನಿಲ್ಲಿಸದೆ ಮಾಡುತ್ತೇನೆ. ಈಗ ಓಟ ನಿಧಾನವಾಗಿದೆ, ಎತ್ತುವ ತೂಕವೂ ಏರುತ್ತಿಲ್ಲ, ಎಡಗಾಲಿನ ಮೊಣಕಾಲ ಕೆಳಗಿನ ಎಲುಬಿನ ಒಳಬದಿ ನೋಯುತ್ತಿದೆ. ಫೆಬ್ರವರಿಯ ಮಣಿಪಾಲ ಮ್ಯಾರಥಾನ್‌ನಲ್ಲಿ 21 ಕಿ.ಮೀ. ಓಡುವ ಆಸೆ. ಓಟದ ಗೆಳೆಯರು ‘ತೂಕ ಎತ್ತಿದರೆ ಮೈ ಭಾರವಾಗುತ್ತದೆ, ಬಿಡು ಮಾರಾಯ’ ಎನ್ನುತ್ತಾರೆ. ಜಿಮ್ಮಿನವರು ‘ಓಡಿದರೆ ಬೆಳೆದ ಸ್ನಾಯು ಕರಗುತ್ತದೆ’ ಎನ್ನುತ್ತಾರೆ. ಯಾವುದನ್ನು ಬಿಡಲಿ?

ಉತ್ತರ: ಯಾವುದನ್ನೂ ಬಿಡುವುದು ಬೇಡ. ಆದರೆ ನಿಮ್ಮ ವಾರವನ್ನು ಕಾಗದದ ಮೇಲೆ ಬರೆದು ನೋಡಿದೆ. ಕಾಲಿಗೆ ರಜೆಯಿರುವ ದಿನ ಒಂದೂ ಸಿಗಲಿಲ್ಲ. ಬ್ಯಾಂಕಿನವರಿಗೆ ನಾನೇನು ಹೇಳಲಿ, ಒಂದೇ ಖಾತೆಯ ಮೇಲೆ ಮೂರು ಕಡೆಯಿಂದ ಚೆಕ್ಕು ಬರುತ್ತಿದೆ, ಜಮೆ ಮಾತ್ರ ಇಲ್ಲ. ಓಟ, ಸೈಕಲ್, ಡಂಬೆಲ್ ಬೇರೆ ಬೇರೆ ಎಂದು ನಿಮಗೆ ಅನ್ನಿಸಬಹುದು. ತೊಡೆಗೂ ಮೀನಖಂಡಕ್ಕೂ ಆ ಭೇದ ಗೊತ್ತಿಲ್ಲ.

ಜಿಮ್ಮಿನವರ ಮಾತು ಪೂರ್ತಿ ಸುಳ್ಳಲ್ಲ. ಅಮೆರಿಕದ ರಾಬರ್ಟ್ ಹಿಕ್ಸನ್ ಎಂಬ ಸಂಶೋಧಕನಿಗೂ ನಿಮ್ಮದೇ ಕಷ್ಟ ಬಂದಿತ್ತು. ತೂಕ ಎತ್ತುವ ಹವ್ಯಾಸದ ಮನುಷ್ಯ, ತನ್ನ ಗುರುಗಳ ಜೊತೆ ಓಡಲು ಶುರುಮಾಡಿ ಮೈ ಇಳಿದದ್ದನ್ನು ಕಂಡು ಗಾಬರಿಯಾದ. ಮುಂದೆ ಅದನ್ನೇ ಪ್ರಯೋಗಕ್ಕಿಟ್ಟು 1980ರಲ್ಲಿ ಪ್ರಕಟಿಸಿದ. ಹತ್ತು ವಾರ ಒಂದು ಗುಂಪು ತೂಕ ಮಾತ್ರ ಎತ್ತಿತು, ಇನ್ನೊಂದು ಓಟ-ಸೈಕಲ್ ಮಾತ್ರ, ಮೂರನೆಯದು ಎರಡನ್ನೂ. ಮೂರನೆಯವರ ಕಾಲಿನ ಬಲ ಏಳೆಂಟು ವಾರ ಏರಿ, ನಿಂತು, ಕೊನೆಗೆ ಇಳಿಯಿತು. ಉಸಿರಿನ ತ್ರಾಣಕ್ಕೆ ಮಾತ್ರ ಏನೂ ಆಗಲಿಲ್ಲ, ಬರೀ ಓಟ-ಸೈಕಲ್‌ನವರಷ್ಟೇ ಹೆಚ್ಚಿತು. ಜಿಮ್ಮಿನವರು ಹೇಳದೆ ಬಿಡುವುದು ಇಷ್ಟು: ಆ ಮೂರನೆಯ ಗುಂಪಿನವರು ವಾರಕ್ಕೆ ಐದು ದಿನ ತೂಕ ಎತ್ತಿ, ಆರು ದಿನ ಓಟ-ಸೈಕಲ್ ಮಾಡುತ್ತಿದ್ದರು. ಎರಡು ದಿನದ ತೂಕಕ್ಕೂ ಮೂರು ದಿನದ ಓಟಕ್ಕೂ ಅಂಥ ಜಗಳವಿಲ್ಲ.

ಓಟದ ಗೆಳೆಯರಿಗೆ ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರನ್ನು ನೆನಪಿಸಿ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು ಬೆಳ್ಳಿ ಗೆದ್ದದ್ದು 56 ಕೆ.ಜಿ. ವಿಭಾಗದಲ್ಲಿ. ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138 ಕೆ.ಜಿ. ಎತ್ತಿದ ಮೈ 56 ದಾಟಿರಲಿಲ್ಲ. ಭಾರ ಎತ್ತಿದ ಮಾತ್ರಕ್ಕೆ ಮೈ ಭಾರವಾಗುವುದಿಲ್ಲ, ಅದಕ್ಕೆ ಊಟವೂ ಅಷ್ಟೇ ಬೇಕು.

ನಿಜವಾದ ತೊಂದರೆ ನಿಮ್ಮ ಆ ‘ನಲವತ್ತು ನಿಮಿಷ ನಿಲ್ಲಿಸದೆ’ ಎಂಬಲ್ಲಿದೆ. ಹಗುರ ಡಂಬೆಲ್ ಹಿಡಿದು ಬಸ್ಕಿ, ಜಿಗಿತ, ಮತ್ತೆ ಬಸ್ಕಿ, ಬೆವರು ಸುರಿದು ಏದುಸಿರು ಬರುವವರೆಗೆ ಮಾಡಿದರೆ ಅದು ಮನೆಯೊಳಗಿನ ಇನ್ನೊಂದು ಓಟವೇ ಹೊರತು ಶಕ್ತಿಯ ಅಭ್ಯಾಸವಲ್ಲ. ಶಕ್ತಿಯ ಕೆಲಸ ನೋಡುವವರಿಗೆ ಸ್ವಲ್ಪ ಬೇಸರ ತರಿಸುವಂತಿರುತ್ತದೆ. ಆರೆಂಟು ಸಲ ನಿಧಾನವಾಗಿ ಎತ್ತಿ, ಇನ್ನೆರಡು ಸಲ ಎತ್ತಬಹುದು ಅನ್ನಿಸುವಾಗಲೇ ಇಳಿಸಿ, ಎರಡು-ಮೂರು ನಿಮಿಷ ಸುಮ್ಮನೆ ಕೂರಬೇಕು. ಹೀಗೆ ಮೂರು ಸುತ್ತು. ಒಂದು ಕಾಲನ್ನು ಹಿಂದೆ ಜಗಲಿಯ ಮೇಲಿಟ್ಟು ಇನ್ನೊಂದರಲ್ಲಿ ಬಸ್ಕಿ ಹೊಡೆಯಿರಿ. ಅದು ಸುಲಭವಾದಾಗ ಹತ್ತು ಕಿಲೋ ಕುಚ್ಚಲಕ್ಕಿಯನ್ನು ಬೆನ್ನಚೀಲಕ್ಕೆ ತುಂಬಿ ಹೆಗಲಿಗೇರಿಸಿ. ನೆಲದಿಂದ ಭಾರ ಎತ್ತುವುದು, ದಂಡೆ, ಕೈಗೆ ಎಳೆಯುವ ಒಂದು ವ್ಯಾಯಾಮ, ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು. ಇಷ್ಟು ಸಾಕು. ನೀರಿನ ಕ್ಯಾನನ್ನು ತಲೆಯ ಮೇಲೆತ್ತುವ ಸಾಹಸ ಬೇಡ, ಒಳಗೆ ನೀರು ಅಲುಗಿ ಹೆಗಲು ತಪ್ಪಬಹುದು.

ಸೈಕಲ್ ತುಳಿದರೆ ಕಾಲಿಗೆ ಬಲ ಬರುತ್ತದಲ್ಲ ಎಂದು ನೀವು ಕೇಳಬಹುದು. ಬರುತ್ತದೆ, ಆದರೆ ಪೆಡಲಿನಲ್ಲಿ ಪೆಟ್ಟಿಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ದೇಹತೂಕದ ಎರಡು-ಮೂರು ಪಟ್ಟು ಭಾರ ಬೀಳುತ್ತದೆ. ಮಣಿಪಾಲ ಗುಡ್ಡದ ಮೇಲಿನ ಊರು, ಅಲ್ಲಿ ಇಳಿಜಾರಿನಲ್ಲಿ ಬ್ರೇಕು ಹಾಕುವುದು ತೊಡೆಯೇ. ಆ ಬ್ರೇಕನ್ನು ಸೈಕಲ್ ಗಟ್ಟಿಮಾಡುವುದಿಲ್ಲ. ನಿಧಾನವಾಗಿ ಇಳಿಯುವ ಬಸ್ಕಿ ಮಾಡುತ್ತದೆ.

ವಾರವನ್ನು ಹೀಗೆ ಹಿಡಿಯಿರಿ. ಕಷ್ಟದ್ದೆಲ್ಲ ಒಂದೇ ದಿನ ಇರಲಿ. ಮಂಗಳವಾರ ಬೆಳಿಗ್ಗೆ ಚುರುಕಿನ ಓಟ, ಅಂದೇ ಸಂಜೆ ಕಾಲಿನ ವ್ಯಾಯಾಮ. ನಡುವೆ ಆರೇಳು ಗಂಟೆ ಕುರ್ಚಿಯಲ್ಲಿ ಕೂರಿಸಲು ಬ್ಯಾಂಕು ಇದ್ದೇ ಇದೆ. ಬುಧವಾರ ಪೂರ್ತಿ ರಜೆ. ಗುರುವಾರ ಮಾತಾಡಿಕೊಂಡು ಓಡುವಷ್ಟು ನಿಧಾನದ ಓಟ. ಶುಕ್ರವಾರ ಸಂಜೆ ಎದೆ, ಬೆನ್ನು, ಹೆಗಲು, ಕಾಲಿಗೆ ಸ್ವಲ್ಪವೇ. ಶನಿವಾರ ಏನೂ ಬೇಡ. ಭಾನುವಾರ ಒಂದು ವಾರ ದೂರದ ಓಟ, ಮರುವಾರ ಕಾರ್ಕಳದ ಸೈಕಲ್. ಎರಡೂ ಒಂದೇ ವಾರ ಬೇಡ. ಜನವರಿ ಕೊನೆಗೆ ಕಾಲಿನ ಭಾರ ಅರ್ಧಕ್ಕಿಳಿಸಿ. ಮುಂದಿನ ಜೂನ್‌ನಲ್ಲಿ ಮಳೆ ಹಿಡಿದಾಗ ಲೆಕ್ಕ ತಿರುಗಿಸಿ: ತೂಕ ಮೂರು ದಿನ, ಓಟ ಎರಡು. ಆಟಿ ತಿಂಗಳಲ್ಲಿ ಜಾರುವ ರಸ್ತೆಯಲ್ಲಿ ಸೈಕಲ್ ಹೊಡೆಯುವುದು ಶೌರ್ಯವಲ್ಲ.

ಇನ್ನು ಆ ನೋವು. ನೀವು ಮರಳಿನಲ್ಲಿ ಓಡುವುದು ಉತ್ತರಕ್ಕೆ ಮಾತ್ರ, ಕಡಲು ಯಾವಾಗಲೂ ಎಡಕ್ಕೆ. ಕರೆಯ ಮರಳು ನೀರಿನ ಕಡೆ ವಾಲಿರುತ್ತದೆ, ಎಡಗಾಲು ಸದಾ ತಗ್ಗಿನಲ್ಲಿ ಬೀಳುತ್ತದೆ. ವಾಪಸ್ ಅದೇ ಮರಳಲ್ಲಿ ಬಂದಿದ್ದರೆ ಬಲಗಾಲಿಗೂ ಪಾಲು ಸಿಗುತ್ತಿತ್ತು, ನೀವು ರಸ್ತೆ ಹಿಡಿದಿರಿ. ಸದ್ಯ ಮರಳು ಬಿಡಿ, ಸಮತಟ್ಟು ರಸ್ತೆಯಲ್ಲಿ ಅರ್ಧ ದೂರ ಓಡಿ. ಎಲುಬಿನುದ್ದಕ್ಕೂ ಹರಡಿದ ನೋವಾದರೆ ಇದರಿಂದ ತಗ್ಗಬಹುದು. ಒಂದೇ ಬೆರಳಲ್ಲಿ ಒತ್ತಿ ತೋರಿಸುವಂಥ ಒಂದೇ ಜಾಗದ ನೋವಾದರೆ, ರಾತ್ರಿ ಮಲಗಿದಾಗಲೂ ಇದ್ದರೆ, ಓಟ ನಿಲ್ಲಿಸಿ ಎಲುಬಿನ ವೈದ್ಯರಲ್ಲಿಗೆ ಹೋಗಿ. ಎಲುಬಿನ ಸಣ್ಣ ಬಿರುಕು ಮೊದಲ ವಾರಗಳ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಅದನ್ನು ನೋಡಿ ಧೈರ್ಯ ತಂದುಕೊಳ್ಳಬೇಡಿ.

ಊಟದ ಬಗ್ಗೆ ನೀವು ಬರೆದಿಲ್ಲ. ವ್ಯಾಯಾಮದ ಸಂಜೆ ಬರೀ ಗಂಜಿ-ಉಪ್ಪಿನಕಾಯಿಯಲ್ಲಿ ಮುಗಿಸಬೇಡಿ. ಜೊತೆಗೆ ಹುರುಳಿ ಸಾರೋ ಮೊಟ್ಟೆಯೋ ಎರಡು ಬಂಗುಡೆಯೋ ಇರಲಿ.

ಮುಂದಿನ ಮೂರು ಭಾನುವಾರ ಕಾರ್ಕಳಕ್ಕೆ ಬಸ್ಸಿನಲ್ಲೇ ಹೋಗಿ. ಅಲ್ಲಿಯ ಗೊಮ್ಮಟ 1432ರಿಂದ ನಿಂತಲ್ಲೇ ನಿಂತಿದ್ದಾನೆ, ನೀವು ಒಂದು ಮಧ್ಯಾಹ್ನ ಅಮ್ಮನ ಮನೆಯ ಚಾವಡಿಯಲ್ಲಿ ಕಾಲು ಚಾಚಿ ಮಲಗಲಾರಿರಾ? ಅಮ್ಮ ಕಾರಣ ಕೇಳುವುದಿಲ್ಲ, ಬಿಸಿಲಿಳಿದ ಮೇಲೆ ಎಬ್ಬಿಸಿ ಚಹಾ ಕೊಡುತ್ತಾರೆ.