ದೊಡ್ಡ ಆಟ, ಸಣ್ಣ ಭಾಗಗಳು

ನಮ್ಮ ಹಳೆಯ ವಿದ್ಯಾರ್ಥಿಗಳ ಮಕ್ಕಳು ಗಣಕಯಂತ್ರದ ಆಟಗಳನ್ನು ಅಂತರಜಾಲದಿಂದ ಇಳಿಸಿಕೊಳ್ಳುತ್ತಾರೆ. ದೊಡ್ಡ ಆಟವು ಹಲವು ಕಡತಗಳಾಗಿ ಬರುವುದುಂಟು. ಹೀಗೇಕೆಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ.

ಆಟದ ಗಾತ್ರ 40 ಗಿಗಾಬೈಟ್, ಸಂಪರ್ಕದ ವೇಗ ಸೆಕೆಂಡಿಗೆ 20 ಮೆಗಾಬಿಟ್ ಎಂದಿಟ್ಟುಕೊಳ್ಳಿ. ಒಂದು ಬೈಟಿಗೆ 8 ಬಿಟ್. ಆದುದರಿಂದ ಪೂರ್ಣ ಆಟಕ್ಕೆ 16,000 ಸೆಕೆಂಡು, ಅಂದರೆ ಸುಮಾರು ನಾಲ್ಕೂವರೆ ಗಂಟೆ ಬೇಕು. ಕೊನೆಗಳಿಗೆಯಲ್ಲಿ ಸಂಪರ್ಕ ಕಡಿದು, ನಿಂತಲ್ಲಿಂದ ಮುಂದುವರಿಸುವ ಸೌಕರ್ಯವಿಲ್ಲದಿದ್ದರೆ ಅಷ್ಟು ಹೊತ್ತೂ ಹಣವೂ ವ್ಯರ್ಥ. ಅದನ್ನೇ 500 ಮೆಗಾಬೈಟಿನ 80 ಭಾಗಗಳನ್ನಾಗಿ ಮಾಡಿದರೆ ನಷ್ಟವಾಗುವುದು ಹೆಚ್ಚೆಂದರೆ ಒಂದು ಭಾಗದ 200 ಸೆಕೆಂಡು. ಪ್ರತಿ ಭಾಗಕ್ಕೂ ಚೆಕ್‌ಸಮ್ ಎಂಬ ತಾಳೆಸಂಖ್ಯೆಯಿದ್ದರೆ, ಕೆಟ್ಟ ಭಾಗವನ್ನು ಗುರುತಿಸಿ ಅದೊಂದನ್ನೇ ಮತ್ತೆ ತರಿಸಬಹುದು.

ಎರಡನೆಯ ಕಾರಣ ಸಂಗ್ರಹಕ್ಕೆ ಸಂಬಂಧಿಸಿದ್ದು. 1996ರಲ್ಲಿ ಬಳಕೆಗೆ ಬಂದ ಫ್ಯಾಟ್‌32 ಎಂಬ ಕ್ರಮವು ಕಡತದ ಗಾತ್ರವನ್ನು 32 ಬಿಟ್‌ಗಳಲ್ಲಿ ದಾಖಲಿಸುತ್ತದೆ. ಆದ್ದರಿಂದ ಅಲ್ಲಿ ಯಾವ ಕಡತವೂ 4,29,49,67,295 ಬೈಟುಗಳನ್ನು ಮೀರಲಾರದು. ಇಂದಿಗೂ ಎಷ್ಟೋ ಪೆನ್‌ಡ್ರೈವ್‌ಗಳಲ್ಲಿ ಇರುವುದು ಇದೇ ಕ್ರಮ.

ಆದರೆ ಭಾಗಗಳ ಹೆಸರನ್ನು ಬದಲಿಸದೆ, ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಮೊದಲನೆಯದರಿಂದ ಬಿಚ್ಚಬೇಕು. 80ರಲ್ಲಿ 79 ಬಂದರೂ ಆಟ ಪೂರ್ಣವಾಗದು. ಒಡೆಯುವುದು ಸಾಗಣೆಯ ಅನುಕೂಲಕ್ಕೆ. ಫಲ ದೊರೆಯುವುದು ಕೂಡಿಸಿದಾಗಲೇ.